ಬಿಸಿಯೇರಿದರೆ ನಿಲ್ಲುವ ಲೋಡರ್

ದಿಬ್ಬೂರಹಳ್ಳಿ
19-1-2025

ಮೌನಿಕಮ್ಮನಿಗೆ ನಿನ್ನ ಸೋದರಮಾವ ಚಲಪತಿ ಬರೆಯುವುದೇನೆಂದರೆ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಲೋಡರ್ ಒಂದನ್ನು ಬಿಟ್ಟು.

ಕಾಗದ ನೋಡಿ ನಗಬೇಡ. ನಿನ್ನ ಹಾಸ್ಟೆಲ್ಲಿನವರು ವಾರವೆಲ್ಲ ನಿನ್ನ ಫೋನನ್ನು ಬೀರುವಿಗೆ ಹಾಕಿ ಬೀಗ ಜಡಿಯುತ್ತಾರೆ. ಭಾನುವಾರ ಕೈಗೆ ಬಂದರೆ ‘ಮಾವ, ಬೇಗ ಹೇಳಿ’ ಅನ್ನುತ್ತೀಯ. ನನ್ನ ಮಾತು ಬೇಗ ಹೇಳಿ ಮುಗಿಸುವಂಥ ಸಾಮಾನ್ಯ ಮಾತೇ? ಕಾಗದವಾದರೆ ನೀನು ನಡುವೆ ಕಟ್ ಮಾಡುವ ಹಾಗಿಲ್ಲ. ಗಾಜಿನ ಫೋನು ತಗೊಳ್ಳಿ ಎಂದು ನಿನ್ನ ಅತ್ತೆ ರಾಧಾಮಣಿ ದಿನಾ ಹೇಳುತ್ತಾಳೆ. ಗ್ರೀಸು ಹತ್ತಿದ ಬೆರಳಿನ ಮಾತನ್ನು ಅದು ಕೇಳುವುದಿಲ್ಲ. ನನಗೆ ಗುಂಡಿ ಫೋನೇ ವಾಸಿ.

ಲೋಡರ್ ಈಗ ನಿಮ್ಮೂರು ಕೆಂಚಾರ್ಲಹಳ್ಳಿ ಕೆರೆಯಲ್ಲಿದೆ. ಹೂಳು ಬಗೆದು ಟ್ರ್ಯಾಕ್ಟರುಗಳಿಗೆ ತುಂಬುವ ಕೆಲಸ. ನಿಮ್ಮಪ್ಪನ ಹಿಪ್ಪುನೇರಳೆ ತೋಟಕ್ಕೂ ಅದೇ ಮಣ್ಣು ಬೇಕು, ಕಾಯುತ್ತಿದ್ದಾನೆ. ಬೆಳಿಗ್ಗೆ ಲೋಡರ್ ಆನೆಯ ಹಾಗೆ ಏರಿ ಹತ್ತುತ್ತದೆ. ಹೊತ್ತೇರಿ ಗೇರ್ ಬಾಕ್ಸಿನ ಎಣ್ಣೆ ಬಿಸಿಯಾಯಿತೋ, ಇಂಜಿನ್ ಅಬ್ಬರಿಸುತ್ತದೆ, ಚಕ್ರ ಮಾತ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಸ್ವಲ್ಪ ಹೊತ್ತು ನೆರಳಲ್ಲಿ ಬಿಟ್ಟರೆ ಮತ್ತೆ ಹೊರಡುತ್ತದೆ. ಉಂಡ ಮೇಲೆ ನಿಮ್ಮಪ್ಪ ಜಗಲಿಗೆ ಒರಗುತ್ತಾನಲ್ಲ, ಅದೇ ಜಾಡ್ಯ ಅಂಟಿದೆ ಅಂದುಕೊಂಡಿದ್ದೇನೆ.

ಗೇರ್ ಬಾಕ್ಸಿನ ಆಯಿಲ್ ಪಂಪಿನದು ತಪ್ಪಿರಲಾರದು. ದೀಪಾವಳಿ ಕಳೆದ ಮೇಲೆ ಅದನ್ನು ನಾನೇ ಖುದ್ದಾಗಿ ಬಿಚ್ಚಿ ತೊಳೆದು ಕೂರಿಸಿದ್ದೇನೆ. ನಿನ್ನ ಮೆಕ್ಯಾನಿಕ್ ಕೋರ್ಸಿನಲ್ಲಿ ಇನ್ನೂ ಆ ಪಾಠ ಆಗಿರದಿದ್ದರೆ ನನ್ನಿಂದಲೇ ಕೇಳಿಕೋ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲಿನ ಮಿಷನ್ ಇದೆಯಲ್ಲ, ಅದೇ. ಎರಡು ಹಲ್ಲಿನ ಚಕ್ರ ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ, ಎಣ್ಣೆ ನಡುವೆ ಸಿಕ್ಕಿ ಹಿಂಡಿಸಿಕೊಂಡು ಆಚೆ ಚಿಮ್ಮುತ್ತದೆ. ಮುಚ್ಚಳದಲ್ಲಿ ಎಣ್ಣೆ ಜಿನುಗುತ್ತಿತ್ತು. ಸೋರದ ಹಾಗೆ ಮುಚ್ಚಳದ ಕೆಳಗೆ ಕೂರಿಸುವ ಕಾಗದದ ಗ್ಯಾಸ್ಕೆಟ್ ಇದೆಯಲ್ಲ, ಅಂಗಡಿಯದಕ್ಕೆ ನಾನು ಕೈ ಹಾಕಲಿಲ್ಲ. ನಮ್ಮ ಕಡೆಯ ಮೆಕ್ಯಾನಿಕ್ಕುಗಳೆಲ್ಲ ಲಗ್ನಪತ್ರಿಕೆಯಲ್ಲೇ ಗ್ಯಾಸ್ಕೆಟ್ ಕತ್ತರಿಸುತ್ತಾರೆ, ಆದರೆ ನಮ್ಮ ಮಗಳು ಭಾನುಪ್ರಿಯಾ ಮದುವೆಗೆ ನಾನು ಮಾಡಿಸಿದಂಥ ಪತ್ರಿಕೆ ಯಾರ ಹತ್ತಿರ ಇದೆ ಹೇಳು. ಹಲಗೆ ಹಲಗೆಯಂಥ ಕಾಗದ, ಮೇಲೆ ಬಂಗಾರದ ಗಣಪತಿ. ಉಳಿದ ಕಟ್ಟಿನಿಂದ ಒಂದನ್ನು ಕತ್ತರಿಸಿ ಕೂರಿಸಿದೆ. ಇವತ್ತಿಗೂ ಒಂದು ಹನಿ ಸೋರಿಲ್ಲ.

ಇನ್ನೊಂದು ಸಣ್ಣ ವಿಷಯ. ಮೊನ್ನೆ ಬೆಳಿಗ್ಗೆ ನಿಮ್ಮೂರ ಡೈರಿ ಮುಂದೆ ಹಾಲು ಹಾಕಲು ಬಂದವರೆಲ್ಲ ಇದ್ದರು. ನಿಮ್ಮಪ್ಪ ಅಷ್ಟು ಜನರ ಎದುರಿಗೆ ಕೆಣಕಿದ.

‘ಏನ್ ಭಾಮೈದ, ಮಿಷನ್ ಮತ್ತೆ ಮಲಗ್ತಂತೆ. ನಮ್ಮುಡುಗಿ ಅದನ್ನೇ ಅಲ್ವಾ ಕಲಿಯಕ್ ಹೋಗಿರೋದು, ನಿನ್ ಮಾತ್ ಕೇಳ್ಕೊಂಡು?’

ಸುಮ್ಮನಿರುವ ಆಸಾಮಿಯೇ ನಾನು? ‘ಯುಗಾದಿ ಒಳಗೆ ನೋಡ್ತಿರು ಭಾವ. ಅವಳು ಅಲ್ಲಿ ಕೂತ್ಕೊಂಡೇ ಕಾಯಿಲೆ ಹೇಳ್ತಾಳೆ. ಮಟಮಟ ಮಧ್ಯಾಹ್ನ ಮಿಷನ್ ಕೆರೆ ಏರಿ ಹತ್ತುತ್ತೆ’ ಅಂದೆ.

‘ಹತ್ಲಿಲ್ಲ ಅಂದ್ರೆ?’

‘ಹತ್ಲಿಲ್ಲ ಅಂದ್ರೆ ನಾನೇ ಗೌರಿಬಿದನೂರಿಗೆ ಹೋಗಿ ಅವಳ ಪೆಟ್ಟಿಗೆ ಹೊತ್ಕೊಂಡ್ ಬರ್ತೀನಿ. ಓದು ಅಲ್ಲಿಗೇ ಬಂದ್.’

ಓಬಳಮ್ಮಜ್ಜಿ ಕ್ಯಾನು ಕೆಳಗಿಟ್ಟು ಸಾಕ್ಷಿ ನಿಂತಳು. ನಿಮ್ಮಪ್ಪ ಕೈಗೆ ಕೈ ತಟ್ಟಿದ. ಆದ್ದರಿಂದ ಕಾಯಿಲೆ ಏನೆಂದು ಬೇಗ ಬರೆ.

ಶಿಡ್ಲಘಟ್ಟ ತಾಲ್ಲೂಕಿಗೇ ಗೊತ್ತಿರುವ
ನಿನ್ನ ಮಾವ
ಚಲಪತಿ


ಗೌರಿಬಿದನೂರು
27-1-2025

ಮಾವ,

ಕಾಗದ ಓದಿ ಎರಡು ದಿನ ನಿಮಗೆ ಬರೆಯಬಾರದು ಅಂತಲೇ ಇದ್ದೆ. ಪಣಕ್ಕೆ ಇಡುವುದಾದರೆ ನಿಮ್ಮ ಮೀಸೆ ಇಡಬಹುದಿತ್ತು. ನನ್ನ ಕೋರ್ಸು ಯಾಕೆ ಇಟ್ಟಿರಿ?

ಅಪ್ಪನಿಗೆ ಒಂದು ನೆಪ ಬೇಕಿತ್ತು, ನೀವು ಕೊಟ್ಟಿರಿ. ದೀಪಾವಳಿಗೆ ಬಂದಾಗ ನಡೆದದ್ದು ನಿಮಗೆ ಗೊತ್ತಿಲ್ಲ. ರೇಷ್ಮೆ ಹುಳ ಮೂರನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದಿದ್ದವು. ಸೊಪ್ಪು ಹಾಕೋಣ ಎಂದು ಹುಳದ ಮನೆಗೆ ಹೋದರೆ ಅಪ್ಪ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. ‘ಡೀಸೆಲ್ ವಾಸನೆ ಹುಳಕ್ಕೆ ಆಗಲ್ಲಮ್ಮ.’ ತಲೆಗೆ ಸ್ನಾನ ಮಾಡಿ ಬಂದೆ. ಆಗಲೂ ‘ಬೇಡಮ್ಮ, ಇರು’ ಅಂದರು. ಬೈದಿದ್ದರೆ ಜಗಳ ಆಡಬಹುದಿತ್ತು. ಬೈಯಲಿಲ್ಲ.

ಇರಲಿ. ಈಗ ಪಂಪಿನ ವಿಷಯ.

ಕಬ್ಬಿನ ಮಿಷನ್ ಅಲ್ಲ ಮಾವ ಅದು. ಎಣ್ಣೆ ಎರಡು ಗೇರುಗಳ ನಡುವೆ ಹೋಗುವುದೇ ಇಲ್ಲ. ಎಣ್ಣೆ ಒಳಗೆ ಬರುವ ಕಡೆ ಹಲ್ಲುಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ, ಆ ಖಾಲಿ ಜಾಗ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಲ್ಲು ಹಲ್ಲಿನ ಸಂದಿಯಲ್ಲಿ ಕೂತು, ಪಂಪಿನ ಗೋಡೆಯ ಪಕ್ಕದಲ್ಲೇ ಹೊರಗಿನಿಂದ ಸುತ್ತಿ ಆಚೆ ಹೋಗುತ್ತದೆ. ಒಂದೊಂದು ಸಂದಿಯೂ ಕೂಸಿಗೆ ಹಾಲು ಕುಡಿಸುವ ಒಳಲೆ ಇದ್ದ ಹಾಗೆ. ಆಚೆ ಕಡೆ ಹಲ್ಲುಗಳು ಮತ್ತೆ ಕಚ್ಚಿಕೊಳ್ಳುವಾಗ ಪ್ರತಿ ಒಳಲೆಯಲ್ಲೂ ಎದುರಿನ ಹಲ್ಲು ಬಂದು ಕೂರುತ್ತದೆ. ಎಣ್ಣೆಗೆ ಹಿಂದೆ ಬರಲು ಜಾಗವಿಲ್ಲ, ಮುಂದಕ್ಕೇ ಹೋಗಬೇಕು. ನೀವು ದಾರಿ ಅಂದುಕೊಂಡ ನಡುವಿನ ಜಾಗ ಮುಚ್ಚಿದ ಬಾಗಿಲು.

ಹಾಗೆ ಹೋದ ಎಣ್ಣೆಯ ಒತ್ತಡವೇ ಗೇರ್ ಬಾಕ್ಸಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು. ಒತ್ತಡ ಇಳಿದರೆ ಪ್ಲೇಟು ಜಾರುತ್ತವೆ, ಇಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ತಲುಪುವುದಿಲ್ಲ. ಜಾರುವಾಗ ಓಡಿಸಿದರೆ ಪ್ಲೇಟು ಸುಟ್ಟೇ ಹೋಗುತ್ತವೆ. ನಿಂತ ಕೂಡಲೇ ಇಂಜಿನ್ ಆಫ್ ಮಾಡಿ. ಎಣ್ಣೆ ತೆಗೆದು ಮೂಸಿ ನೋಡಿ, ಸೀದ ವಾಸನೆ ಇದೆಯಾ ಬರೆಯಿರಿ. ಎಣ್ಣೆ ಎಳೆಯುವ ಕಡೆ ಜಾಲರಿ ಇರುತ್ತದೆ, ಕಸ ಕಟ್ಟಿದೆಯಾ ನೋಡಿ.

ಅತ್ತೆಗೆ ನಮಸ್ಕಾರ. ನಿಮಗೆ ಇನ್ನೂ ಇಲ್ಲ.

ಮೌನಿಕಾ


ದಿಬ್ಬೂರಹಳ್ಳಿ
6-2-2025

ಕೋಪಿಷ್ಠ ಮೌನಿಕಮ್ಮನಿಗೆ,

ಒಳಲೆ ವಿಚಾರ ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಮೇಷ್ಟರು ಸರಿಯಾಗಿ ಕಲಿಸುತ್ತಿದ್ದಾರೋ ಇಲ್ಲವೋ ನೋಡೋಣ ಎಂದು ಕಬ್ಬಿನ ಮಿಷನ್ ಬರೆದೆ. ನೀನು ಪಾಸಾದೆ, ಸಂತೋಷ.

ಜಾಲರಿ ಬಿಚ್ಚಿದೆ. ನಿನ್ನ ಅತ್ತೆಯ ಹಿಟ್ಟಿನ ಜರಡಿಗಿಂತ ಶುಚಿಯಾಗಿತ್ತು. ಎಣ್ಣೆಯನ್ನು ಮೂಸಿದೆ, ಏನೂ ತಿಳಿಯಲಿಲ್ಲ. ನಶ್ಯ ಏರಿಸಿ ಏರಿಸಿ ನನ್ನ ಮೂಗು ಬರೀ ಅಲಂಕಾರಕ್ಕಿದೆ. ಏರಿ ಮೇಲೆ ನಿಮ್ಮಪ್ಪ ನಿಂತಿದ್ದ. ಹುಳದ ಮನೆಯ ಬಾಗಿಲಲ್ಲಿ ನಿಂತು ಒಳಗಿನ ಹುಳದ ಆರೋಗ್ಯ ಹೇಳುವ ಮೂಗು ಅದು. ‘ಭಾವ, ಇದನ್ನ ಸ್ವಲ್ಪ ಮೂಸು’ ಅಂದೆ.

‘ಪಣ ಕಟ್ಟಿರೋನ ಹತ್ರಾನೇ ಕೆಲ್ಸ ಮಾಡಿಸ್ಕೊಳ್ತೀಯಲ್ಲೋ, ನಾಚಿಕೆ ಆಗಲ್ವಾ’ ಅಂದ.

‘ಮೂಸಕ್ಕೆ ಏನ್ ಕೂಲಿ ಕೊಡ್ಬೇಕಾ?’

ಗೊಣಗುತ್ತಾ ಇಳಿದು ಬಂದ. ಬೆರಳು ಅದ್ದಿ, ಉಜ್ಜಿ, ಕಣ್ಣು ಮುಚ್ಚಿ ಮೂಸಿದ. ‘ಸೀದಿಲ್ಲ. ಕಾದಿದೆ ಅಷ್ಟೆ’ ಅಂದ. ಬೆರಳನ್ನು ಪಂಚೆಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡಿದ್ದ. ಆಮೇಲೆ, ‘ಗೌರಿಬಿದನೂರಲ್ಲಿ ಬಿಸಿಲು ಜಾಸ್ತಿನಾ?’ ಅಂತ ಕೇಳಿದ. ಊರಿನ ಬಿಸಿಲು ವಿಚಾರಿಸಿದ ಅಷ್ಟೆ, ನಿನ್ನ ವಿಚಾರ ಅಲ್ಲ. ಹೋದ ತಿಂಗಳು ಚಳಿ ವಿಚಾರಿಸಿದ್ದ.

ಬಿಸಿಗೆ ಎಣ್ಣೆ ತೆಳ್ಳಗಾಗಿ ಕೈ ಕೊಡುತ್ತಿದೆ ಎಂದು ನನಗೇ ಹೊಳೆಯಿತು. ಅದಕ್ಕೇ ಎಲ್ಲ ಬಸಿದು, ಇನ್ನೂ ಮಂದ ಎಣ್ಣೆ ತುಂಬಿಸಿದ್ದೇನೆ. ಈ ತಲೆ ಎಂಟನೇ ಕ್ಲಾಸಿಗೇ ಓದು ಬಿಟ್ಟಿತು, ಅದು ಸರ್ಕಾರಕ್ಕೆ ನಷ್ಟ.

ನಿನ್ನ ಮಾವ
ಚಲಪತಿ

ಮೌನಿ, ನಾನು ಅತ್ತೆ. ಕವರು ಅಂಟಿಸುವ ಮುಂಚೆ ಕದ್ದು ಬರೆಯುತ್ತಿದ್ದೇನೆ. ಮಂದ ಎಣ್ಣೆ ಹಾಕಿದ ಮೇಲೆ ಲೋಡರ್ ಬೆಳಿಗ್ಗೆಯೂ ಹಸುಗೂಸಿನ ಹಾಗೆ ಕುಂಯ್ಗುಡುತ್ತಿದೆ, ಮಧ್ಯಾಹ್ನ ಯಥಾಪ್ರಕಾರ ನಿಲ್ಲುತ್ತಿದೆ. ಇವರು ಅದನ್ನು ಬರೆದಿಲ್ಲ. ಪಂಪು ಬಿಚ್ಚಿ ನೋಡಿ ಎಂದರೆ ‘ನಾನ್ ಕೂರ್ಸಿರೋದು ಕಣೇ ಅದು’ ಅನ್ನುತ್ತಾರೆ. ನೀನು ಹೇಳಿದರೆ ಬಿಚ್ಚಬಹುದು.
ರಾಧಾಮಣಿ


ಗೌರಿಬಿದನೂರು
21-2-2025

ಮಾವ,

ಮಂದ ಎಣ್ಣೆ ಇಳಿಸಿ, ಮೊದಲಿನದ್ದೇ ಹಾಕಿ. ತಣ್ಣಗಿರುವಾಗ ಅಷ್ಟು ಮಂದ ಎಣ್ಣೆಯನ್ನು ಪಂಪು ಎಳೆಯಲಾರದೆ ಕೂಗುತ್ತಿದೆ.

ಇದಕ್ಕಿಂತ ಹೆಚ್ಚಿಗೆ ಹೇಳುವ ಯೋಗ್ಯತೆ ನನಗಿಲ್ಲ. ನಿನ್ನೆ ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. ಪಂಪು ಜೋಡಿಸುವ ಪರೀಕ್ಷೆಯಲ್ಲೇ. ನಾನು ಕೂರಿಸಿದ ಪಂಪಿಗೆ ಹೊರಗೆ ಎಲ್ಲೂ ಸೋರಿಕೆ ಇರಲಿಲ್ಲ. ಟೆಸ್ಟ್ ಬೆಂಚಿನಲ್ಲಿ ಒತ್ತಡ ತೋರಿಸುವ ಮುಳ್ಳು ಚೆನ್ನಾಗಿ ಏರಿತು, ನನ್ನ ಪಕ್ಕದವಳು ಸನ್ನೆ ಮಾಡಿ ನಕ್ಕಳು. ಎಣ್ಣೆ ಕಾಯುತ್ತಾ ಬಂದ ಹಾಗೆ ಮುಳ್ಳು ಮೆಲ್ಲಗೆ ಇಳಿಯಿತು. ಇಳಿದು ಇಳಿದು ತಳಕ್ಕೆ ಬಂತು. ಉದಯಕುಮಾರ್ ಸರ್ ಮುಚ್ಚಳ ಬಿಚ್ಚಿಸಿದರು. ಒಂದು ಗ್ಯಾಸ್ಕೆಟ್ ಬದಲು ಎರಡು ಕೂತಿದ್ದವು, ಎಣ್ಣೆಗೆ ಒಂದಕ್ಕೊಂದು ಅಂಟಿಕೊಂಡಿದ್ದನ್ನು ನಾನು ನೋಡಿರಲಿಲ್ಲ. ಸರ್ ಬೈಯಲಿಲ್ಲ. ‘ಮುಚ್ಚಳಕ್ಕೂ ಗೇರಿಗೂ ನಡುವೆ ಎಷ್ಟು ಸಂದು ಇರ್ಬೇಕು ಅಂತ ಅಳೆದ್ಯೇನಮ್ಮ?’ ಅಂದರು. ಅಳೆದಿರಲಿಲ್ಲ.

ಅಪ್ಪ ಸರಿ ಅನ್ನಿಸುತ್ತಿದೆ. ಮುಂದಿನ ತಿಂಗಳು ಇನ್ನೊಂದು ಅವಕಾಶ ಕೊಡುತ್ತಾರಂತೆ, ಆದರೆ ನನಗೆ ಧೈರ್ಯವಿಲ್ಲ. ಹುಳದ ಕೆಲಸ ಆದರೂ ನನಗೆ ಚೆನ್ನಾಗಿ ಬರುತ್ತದೆ. ಯುಗಾದಿವರೆಗೆ ಕಾಯಬೇಡಿ. ಬಂದು ಪೆಟ್ಟಿಗೆ ಹೊತ್ತುಕೊಂಡು ಹೋಗಿ.

ಮೌನಿಕಾ

ಮಾವ, ಸಹಿ ಹಾಕಿ ಕವರಿಗೆ ಹಾಕಿದ್ದವಳು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಭಾನಕ್ಕನ ಲಗ್ನಪತ್ರಿಕೆ ಎಷ್ಟು ದಪ್ಪ ಇತ್ತು?


ದಿಬ್ಬೂರಹಳ್ಳಿ
3-3-2025

ಮೌನಿಕಮ್ಮನಿಗೆ,

ಪೆಟ್ಟಿಗೆ ಹೊರಲು ನನಗೆ ಬಿಡುವಿಲ್ಲ. ಸೊಂಟವೂ ನೋಯುತ್ತಿದೆ. ಇನ್ನೊಂದು ಅವಕಾಶ ಕೊಟ್ಟಿದ್ದಾರಲ್ಲ, ಕೂತು ಜೋಡಿಸು. ಮೊದಲ ಸಲ ಲೋಡರ್ ಹತ್ತಿದ ದಿನ ನಾನು ಅದನ್ನು ಹಿಂದಕ್ಕೆ ಬಿಟ್ಟು ಪಂಚಾಯಿತಿಯ ನೀರಿನ ತೊಟ್ಟಿ ಒಡೆದವನು. ಈಗ ನೋಡು, ಅದೇ ಪಂಚಾಯಿತಿಯವರು ಕೆರೆ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ.

ಪತ್ರಿಕೆಯ ದಪ್ಪ ಕೇಳಿದ್ದೀಯ. ಆ ಪತ್ರಿಕೆ ನೋಡಿ ಬೀಗರ ಕಡೆಯವರು ಊಟದ ತಟ್ಟೆ ಅಂದುಕೊಂಡಿದ್ದರು. ಅಷ್ಟು ದಪ್ಪ. ಅದನ್ನು ಹೆಮ್ಮೆಯಿಂದ ಬರೆಯಲು ಕೂತವನು ಪೆನ್ನು ಕೆಳಗಿಟ್ಟು ಎದ್ದೆ.

ಹಳೇ ಎಣ್ಣೆ ತುಂಬಿಸಿ, ಶುಕ್ರವಾರ ಕೆರೆಯಲ್ಲೇ ಪಂಪು ಬಿಚ್ಚಿದೆ. ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಬಿಚ್ಚಿದ್ದು, ಆದರೂ ನಿಮ್ಮಪ್ಪ ಎಲ್ಲಿಂದಲೋ ಬಂದು ಏರಿ ಮೇಲೆ ಕುಕ್ಕರುಗಾಲಲ್ಲಿ ಕೂತ.

‘ಯಾರು ಬಿಚ್ಚು ಅಂದಿದ್ದು?’

‘ಯಾರೂ ಇಲ್ಲ. ನನಗೇ ಬೇಜಾರಾಗಿತ್ತು.’

‘ಅವಳು ಬರೆದಳಾ?’

ನಾನು ಸ್ಪ್ಯಾನರ್ ಹುಡುಕುವವನ ಹಾಗೆ ತಲೆ ಬಗ್ಗಿಸಿದೆ. ನೀನು ಫೇಲಾದದ್ದು ಹೇಳಲಿಲ್ಲ. ಬಂದುಬಿಡುತ್ತೇನೆ ಎಂದು ಬರೆದದ್ದಂತೂ ಸತ್ತರೂ ಹೇಳುವುದಿಲ್ಲ. ನಿಮ್ಮಪ್ಪ ತಾನಾಗೇ ಇಳಿದು ಬಂದು ಮುಚ್ಚಳ ಜಾರದ ಹಾಗೆ ಕೆಳಗಿನಿಂದ ಹಿಡಿದುಕೊಂಡ. ಮೊಣಕೈವರೆಗೂ ಎಣ್ಣೆ ಸುರಿಯಿತು. ಆ ದಿನ ಹುಳಕ್ಕೆ ಸೊಪ್ಪು ಹಾಕುವ ಕೆಲಸ ನಿಮ್ಮಮ್ಮನ ಪಾಲಿಗೆ ಬಂತು.

ಹಳೇ ಗ್ಯಾಸ್ಕೆಟ್ ಈ ಕವರಿನಲ್ಲಿದೆ. ಗಣಪತಿಯ ಸೊಂಡಿಲು ಇನ್ನೂ ಕಾಣುತ್ತದೆ. ಜೊತೆಗೆ ಒಂದು ಬಿಳಿ ಹಾಳೆಯನ್ನು ಪಂಪಿನ ಬಾಯಿಯ ಮೇಲಿಟ್ಟು ಒತ್ತಿ ಅಚ್ಚು ತೆಗೆದಿದ್ದೇನೆ. ಅಂಚು, ಬೋಲ್ಟಿನ ತೂತು, ಎಲ್ಲ ಎಣ್ಣೆಯಲ್ಲಿ ಮೂಡಿದೆ. ಒಂದು ಮೂಲೆಯಲ್ಲಿ ಐದು ಬೆರಳಿನ ಗುರುತಿದೆ ನೋಡು. ಅದು ನನ್ನದಲ್ಲ. ಹಾಳೆ ಅಲುಗದ ಹಾಗೆ ಹಿಡಿದವರದು.

ನಿನ್ನ ಮಾವ
ಚಲಪತಿ


ಗೌರಿಬಿದನೂರು
14-3-2025

ಪ್ರೀತಿಯ ಮಾವನಿಗೆ ಮೌನಿಕಾ ಮಾಡುವ ನಮಸ್ಕಾರಗಳು. ಹಳೇ ಬಾಕಿಯೂ ಸೇರಿ.

ಅಚ್ಚಿನ ಹಾಳೆಯನ್ನು ತುಂಬ ಹೊತ್ತು ನೋಡಿದೆ. ಮೂಲೆಯ ಬೆರಳುಗಳನ್ನೂ ನೋಡಿದೆ. ಹೆಬ್ಬೆರಳಿನಲ್ಲಿ ಸೊಪ್ಪು ಕತ್ತರಿಸುವಾಗ ಆದ ಗಾಯದ ಗೆರೆ ಇದೆ.

ನಿಮ್ಮ ಗ್ಯಾಸ್ಕೆಟ್ಟನ್ನು ಸರ್ ಅಳತೆ ಮಾಡಿಸಿದರು. ಇರಬೇಕಾದ್ದಕ್ಕಿಂತ ಮೂರು ಪಟ್ಟು ದಪ್ಪ. ಅದು ಮುಚ್ಚಳವನ್ನು ಗೇರುಗಳಿಂದ ದೂರ ಎತ್ತಿ ಹಿಡಿದಿತ್ತು. ಅಲ್ಲಿ ಕೂದಲೆಳೆಯಷ್ಟು ಸಂದು ಮಾತ್ರ ಇರಬೇಕು. ಒಳಲೆಗಳು ಎಣ್ಣೆ ಹೊತ್ತು ಆಚೆ ಕಡೆ ಸುರಿಯುತ್ತವೆ, ಆದರೆ ಗೇರಿನ ಪಕ್ಕದ ಆ ಅಗಲ ಸಂದಿಯಲ್ಲಿ ಎಣ್ಣೆ ನುಸುಳಿ ಮತ್ತೆ ಹಿಂದಕ್ಕೇ ಬರುತ್ತದೆ. ಎಣ್ಣೆ ತಣ್ಣಗೆ ಮಂದವಾಗಿದ್ದರೆ ನುಸುಳುವುದು ಕಡಿಮೆ, ಒತ್ತಡ ನಿಲ್ಲುತ್ತದೆ. ಕಾದು ತೆಳ್ಳಗಾದರೆ ನೀರಿನ ಹಾಗೆ ಹರಿದು ವಾಪಸ್ ಬರುತ್ತದೆ. ಬೆಳಗಿನ ತಂಪಿನಲ್ಲಿ ಓಡುವ ಲೋಡರ್ ಹೊತ್ತೇರಿದ ಮೇಲೆ ನಿಲ್ಲುತ್ತಿದ್ದದ್ದು ಇದಕ್ಕೇ. ನೀವು ಹೇಳಿದ್ದು ನಿಜ, ಒಂದು ಹನಿಯೂ ಹೊರಗೆ ಸೋರಲಿಲ್ಲ. ಸೋರಿದ್ದೆಲ್ಲ ಒಳಗೇ.

ಸರಿಯಾದ ಕಾಗದದಲ್ಲಿ ನಿಮ್ಮ ಅಚ್ಚಿನ ಮೇಲೆ ಎರಡು ಗ್ಯಾಸ್ಕೆಟ್ ಕತ್ತರಿಸಿ ಇಟ್ಟಿದ್ದೇನೆ. ಒಂದು ಹಾಕಲು, ಒಂದು ಸ್ಪೇರ್. ಒಂದೇ ಹಾಕಿ, ಎರಡೂ ಅಂಟಿಕೊಂಡಿರಬಹುದು, ನನಗೆ ಅನುಭವವಿದೆ. ಹಾಕುವ ಮುಂಚೆ ಗೇರಿನ ಪಕ್ಕದಲ್ಲೂ ಮುಚ್ಚಳದ ಒಳಗೂ ಗೀರು ಬಿದ್ದಿದೆಯಾ ಉಗುರು ಆಡಿಸಿ ನೋಡಿ, ಉಗುರು ಸಿಕ್ಕಿಕೊಂಡರೆ ನನಗೆ ಬರೆಯಿರಿ. ಪಂಪಿನೊಳಗೆ ಸ್ವಲ್ಪ ಎಣ್ಣೆ ಸುರಿದು ಮುಚ್ಚಿ, ಒಣಗಿದ ಗೇರು ಮೊದಲ ಸುತ್ತಿಗೆ ಎಳೆಯುವುದಿಲ್ಲ. ಬೋಲ್ಟುಗಳನ್ನು ಎದುರು ಬದುರು ಬಿಗಿಯಿರಿ, ಒಂದೇ ಕಡೆಯಿಂದ ಅಲ್ಲ.

ನನ್ನ ಪರೀಕ್ಷೆ ಇಪ್ಪತ್ತನೇ ತಾರೀಕು. ಹೆದರಿಕೆ ಇದೆ. ಪೆಟ್ಟಿಗೆ ಮಾತ್ರ ಮಂಚದ ಕೆಳಕ್ಕೆ ತಳ್ಳಿದ್ದೇನೆ.

ಮೌನಿಕಾ


ದಿಬ್ಬೂರಹಳ್ಳಿ
26-3-2025

ಪಾಸಾದ ಮೌನಿಕಮ್ಮನಿಗೆ,

ಭಾನುವಾರ ನೀನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನಗೆ ಸೋಮವಾರ ತಲುಪಿತು. ಮುಳ್ಳು ಏರಿದ್ದು ಏರಿದ ಹಾಗೇ ನಿಂತಿತಂತೆ. ನಿಮ್ಮಪ್ಪ ಅದೇ ಕೋಣೆಯಲ್ಲಿದ್ದನಂತೆ, ಫೋನಿನ ಧ್ವನಿ ಜೋರು ಮಾಡು ಎಂದು ಮಾತ್ರ ಅಕ್ಕನಿಗೆ ಸನ್ನೆ ಮಾಡಿದನಂತೆ.

ಈಗ ನನ್ನ ಪರೀಕ್ಷೆ ಕೇಳು. ಉಗುರು ಎಲ್ಲೂ ಸಿಕ್ಕಲಿಲ್ಲ. ನೀನು ಹೇಳಿದ ಹಾಗೇ ಎದುರು ಬದುರು ಬಿಗಿದೆ. ಬೆಳಿಗ್ಗೆ ಓಡಿಸಿ ತೋರಿಸಿದರೆ ಯಾರೂ ಒಪ್ಪುವುದಿಲ್ಲ, ಬೆಳಿಗ್ಗೆ ಅದು ಯಾವಾಗಲೂ ಓಡುತ್ತಿತ್ತು. ಅದಕ್ಕೇ ನಿನ್ನೆ ಬೆಳಗಿನಿಂದ ಬಿಡುವಿಲ್ಲದೆ ಹೂಳು ಎತ್ತಿಸಿದೆ. ಸೂರ್ಯ ನೆತ್ತಿಗೆ ಬಂದ. ಗೇರ್ ಬಾಕ್ಸಿನ ಮೇಲೆ ಕೈ ಇಟ್ಟರೆ ಚುರ್ ಅನ್ನುತ್ತಿತ್ತು. ಹಾಲಿನವರು, ಟ್ರ್ಯಾಕ್ಟರಿನವರು, ಕುರಿಯವರು, ಎಲ್ಲ ಏರಿ ಮೇಲೆ ಸಾಲಾಗಿ ನಿಂತಿದ್ದರು. ನಾನು ಬಕೆಟ್ಟಿನ ತುಂಬ ಮಣ್ಣು ತುಂಬಿಕೊಂಡು, ಮೀಸೆ ಒಂದು ಸಲ ತೀಡಿ, ಏರಿಗೆ ಬಿಟ್ಟೆ. ಕಡಿದಾದ ಜಾಗಕ್ಕೆ ಬಂದಾಗ ನಿಜ ಹೇಳುತ್ತೇನೆ, ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಮುಂದೆ ಬರೀ ಆಕಾಶ. ಮೇಲೆ ಬಂದಿದ್ದೆ.

ಓಬಳಮ್ಮಜ್ಜಿ ಸಾಕ್ಷಿಯವಳಲ್ಲವೇ, ನಿಮ್ಮಪ್ಪನನ್ನು ಕೂಗಿ ತೆಲುಗಿನಲ್ಲಿ ‘ಪಿಲ್ಲ ಬಾಗು ಚೇಸಿಂದಿರಾ ಪಾಪಯ್ಯಾ’, ಹುಡುಗಿ ರಿಪೇರಿ ಮಾಡಿದಳು ಕಣೋ ಎಂದು ಏರಿಯ ಈ ತುದಿಯಿಂದ ಆ ತುದಿಗೆ ಸಾರಿದಳು. ಬಾಗು ಮಾಡಿದ್ದು ನಾನೂ ಹೌದು ಅಜ್ಜಿ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಮ್ಮಪ್ಪ ಲೋಡರಿನ ಪಕ್ಕ ಬಂದು, ಪಂಪಿನ ಮುಚ್ಚಳದ ಹತ್ತಿರ ಕೈ ಒಯ್ದು, ಬಿಸಿಗೆ ಹಿಂದೆ ತೆಗೆದ.

‘ಆ ಕಾಗದ ಎಷ್ಟು ದಿನ ತಡೀತದೋ?’

‘ಅಳತೆ ಸರಿಯಿದ್ರೆ ನಿನ್ಗಿಂತ ನನ್ಗಿಂತ ಜಾಸ್ತಿ ಭಾವ.’

‘ಇನ್ನೊಂದು ಕಳ್ಸಿದ್ಳಂತಲ್ಲ. ಕೊಡು, ನೋಡಣ.’

ಕೊಟ್ಟೆ. ಬಿಸಿಲಿಗೆ ಹಿಡಿದು ನೋಡಿದ. ತೂತುಗಳನ್ನು ಹೆಬ್ಬೆರಳಿನಲ್ಲಿ ಸವರಿದ. ಮಡಚಬೇಡ ಅಂದೆ. ಮಡಚಲಿಲ್ಲ, ಹಾಗೇ ಅಂಗಿಯ ಜೇಬಿಗೆ ನಿಲ್ಲಿಸಿಕೊಂಡು ಹೊರಟುಹೋದ. ಪಣದ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಾಯಂಕಾಲ ಅವನ ತೋಟಕ್ಕೆ ಮೊದಲ ಲೋಡು ಮಣ್ಣು ಹೋಯಿತು.

ಇವತ್ತು ಬೆಳಿಗ್ಗೆ ಅಕ್ಕನ ಮನೆಗೆ ಹೋಗಿದ್ದೆ. ಹುಳದ ಮನೆಯ ಬಾಗಿಲ ಪಕ್ಕದಲ್ಲಿ ಅಂಗಿ ನೇತುಹಾಕಲು ಒಂದು ಗೂಟ ಇತ್ತಲ್ಲ, ಅದರ ಪಕ್ಕಕ್ಕೆ ಹೊಸದಾಗಿ ಇನ್ನೊಂದು ಗೂಟ ಹೊಡೆದಿದ್ದಾನೆ. ಕೆಳಗೆ ಒಂದು ನಲ್ಲಿ, ಹೊಸ ಸೋಪು. ಹೊಸ ಗೂಟಕ್ಕೆ ನಿನ್ನ ಹಳೇ ಹಸಿರು ಚೂಡಿದಾರ ಒಗೆದು ಹಾಕಿದೆ. ‘ಇದೇನ್ ಭಾವ?’ ಅಂದೆ. ‘ಯುಗಾದಿಗೆ ಬರ್ತಾಳಲ್ಲ. ಬಟ್ಟೆ ಬದಲಾಯಿಸ್ಕೊಂಡ್ರೆ ಹುಳಕ್ಕೇನೂ ಆಗಲ್ಲ’ ಅಂದ. ಎಷ್ಟೋ ವರ್ಷದಿಂದ ಇರುವ ಪದ್ಧತಿಯನ್ನು ಹೇಳುವವನ ಹಾಗೆ ಹೇಳಿದ.

ಶನಿವಾರ ಚಿಕ್ಕಬಳ್ಳಾಪುರದ ಬಸ್ಸಿಗೆ ಹತ್ತಿ ಬಾ, ಅಲ್ಲಿಗೆ ನಾನು ಬಂದಿರುತ್ತೇನೆ. ಪೆಟ್ಟಿಗೆ ಅಲ್ಲೇ ಇರಲಿ, ಕೈಚೀಲ ಸಾಕು. ಬರುವಾಗ ಒಂದು ಗ್ಯಾಸ್ಕೆಟ್ ಕತ್ತರಿಸಿಕೊಂಡು ಬಾ. ಸ್ಪೇರ್ ಕೊಡು ಎಂದು ನಿಮ್ಮಪ್ಪನನ್ನು ಆಗಲೇ ಎರಡು ಸಲ ಕೇಳಿದೆ, ಜೇಬಿನ ಮೇಲೆ ಕೈ ಇಟ್ಟುಕೊಳ್ಳುತ್ತಾನೆಯೇ ಹೊರತು ಕೊಡುತ್ತಿಲ್ಲ.

ನಿನ್ನ ಮಾವ
ಚಲಪತಿ